ಮರಳುಗಾಡಿನಲ್ಲಿ ಕೊಡ ಹೊತ್ತ ಮೈಲವ್ವ

ಹಲಗೇರಿಯ ಹನುಮಪ್ಪನ ಮಗಳು ಮೈಲವ್ವ ನಮ್ಮ ಮಗ್ಗುಲ ಮನೆಯವಳು. ಅವಳು ಹೇಳಿದ್ದನ್ನೂ, ಜೊತೆಗೆ ಹೋಗಿದ್ದ ಸದಾಶಿವ ಹೇಳಿದ್ದನ್ನೂ ಕೇಳಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಇಬ್ಬರ ಮಾತೂ ಹೊಂದುತ್ತದೆ. ಸದಾಶಿವ ತಾನು ಬಿದ್ದದ್ದನ್ನು ಸ್ವಲ್ಪ ಸಣ್ಣದು ಮಾಡಿ ಹೇಳುತ್ತಾನೆ, ಅಷ್ಟೇ.

1989ರ ಸಂಕ್ರಾಂತಿ ಮುಗಿಸಿಕೊಂಡು ರಾಣೆಬೆನ್ನೂರಿನ ಕಾಲೇಜಿನಿಂದ ನಾಲ್ವರು ಗೆಳೆಯರು ಜೈಸಲ್ಮೇರದ ಆಚೆಯ ಮರುಭೂಮಿಗೆ ಹೋದರು. ಸದಾಶಿವ ಮುಖಂಡ, ಅವನ ಜೊತೆ ನಾಸೀರ, ಸುಲಭಾ, ಮೈಲವ್ವ. ಮೂರು ದಿನ ನಡಿಗೆ, ಎರಡು ಕಡೆ ಡೇರೆ. ಹುಡುಗಿಯರನ್ನು ಕಳಿಸಿದ್ದು ಅದೇ ಮೊದಲು. ನಡಿಗೆ ಅರ್ಧಕ್ಕೆ ಬಿಟ್ಟು ಬಂದರೆ ಮುಂದಿನ ವರ್ಷದಿಂದ ಹುಡುಗರಷ್ಟೇ ಎಂದು ಪ್ರಿನ್ಸಿಪಾಲರು ಹೇಳಿಯೇ ಕಳಿಸಿದ್ದರು.

ಮೊದಲ ದಿನ ಜೀಪಿನವನು ಎರಡು ಕ್ಯಾನು ನೀರು ಇಳಿಸಿ ಹೋದ. ಮರುದಿನ ಸಂಜೆಯವರೆಗೆ ಅದೇ ನೀರು. ಇವರೋ ಹೊಳೆ ಕಡೆಯ ಮಂದಿ. ಊಟಕ್ಕೆ ಕೂಡ್ರುವ ಮೊದಲು ಒಬ್ಬೊಬ್ಬರಾಗಿ ಕೈ, ಕಾಲು, ಮುಖ ತೊಳೆದರು. ಉಂಡ ಮೇಲೆ ಮೈಲವ್ವ ತಾಟುಗಳನ್ನು ಎರಡೆರಡು ಸಲ ತೊಳೆದಳು. ದಾರಿ ತೋರಿಸಲು ಬಂದಿದ್ದ ಅಲ್ಲಿಯ ಮುದುಕ ತನ್ನ ತಾಟನ್ನು ಮರಳಿನಲ್ಲಿ ತಿಕ್ಕಿಟ್ಟು, ಇವರನ್ನೇ ನೋಡುತ್ತಿದ್ದ.

ಬೆಳಿಗ್ಗೆ ಒಂದು ಕ್ಯಾನು ಖಾಲಿ, ಇನ್ನೊಂದರ ತಳದಲ್ಲಿ ನಾಲ್ಕು ಲೋಟ ನೀರು.

“ಹೊಳ್ಳಿ ಹೋಗೂಣು,” ಎಂದ ಸದಾಶಿವ. “ಹೆಣ್ಮಕ್ಕಳನ್ನ ಕರಕೊಂಡು ಬಂದೇನಿ. ಇವರ ಅಪ್ಪಗೋಳಿಗೆ ನಾ ಏನ್ ಹೇಳ್ಲಿ?”

“ನಮ್ಮಪ್ಪಗ ನೀ ಏನೂ ಹೇಳಬ್ಯಾಡೋ ಮಾರಾಯ,” ಎಂದಳು ಮೈಲವ್ವ. “ಕಾಲ್ ತೊಳಕೊಂಡು ನೀರ್ ತೀರಿಸಿದ್ವಿ, ಅದಕ್ಕ ಬಂದ್ವಿ ಅಂತ ಊರಾಗ ಹೇಳಾಕ ನನಗ ನಾಚಿಕಿ ಆಕ್ಕೈತಿ.”

ನಾಸೀರ ಹಿಂದೂಸ್ತಾನಿಯಲ್ಲಿ ಮುದುಕನನ್ನು ವಿಚಾರಿಸಿದ. ಎರಡು ದಿಬ್ಬದಾಚೆ ನಾಲ್ಕು ಗುಡಿಸಲು, ಒಂದು ಬಾವಿ ಇದೆಯೆಂದ ಮುದುಕ. ಎಲ್ಲರೂ ಹೋದರು. ಹುಡುಗರಿಬ್ಬರೂ ಕ್ಯಾನು ತುಂಬಿ ಕೋಲಿಗೆ ತೂಗಿ ಹೆಗಲ ಮೇಲೆ ಹೊತ್ತರು. ಹೆಜ್ಜೆಗೊಮ್ಮೆ ಕಾಲು ಹೂತು, ಕ್ಯಾನು ಓಲಾಡಿ, ಮೊದಲ ದಿಬ್ಬದಲ್ಲೇ ಸದಾಶಿವ ಉರುಳಿದ. ನೀರೆಲ್ಲ ಮರಳು ಕುಡಿಯಿತು.

ಮೈಲವ್ವ ಬಾವಿಯ ಹತ್ತಿರದ ಹೆಂಗಸಿನಿಂದ ಎರಡು ಕೊಡ ಕೇಳಿ ತಂದಳು. ಅವಳ ಅಜ್ಜಿಯ ಊರು ಹೊಳೆದಂಡೆಯ ಗಳಗನಾಥ. ಪ್ರತಿ ಬೇಸಿಗೆ ಅಲ್ಲಿ ಕಳೆದು, ಹೊಳೆ ಬತ್ತಿದಾಗ ಅಷ್ಟಗಲದ ಉಸುಕು ದಾಟಿ ನೀರು ತಂದೇ ಬೆಳೆದವಳು. ಬೂಟು ಕಳಚಿದಳು, ಓಢಣಿ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು ಕೊಡ ಹೊತ್ತಳು.

“ಹಿಮ್ಮಡ ಊರಬ್ಯಾಡ ಸುಲಭಾ, ಪಾದ ಪೂರಾ ಇಡು. ದಿಬ್ಬದ ನೆತ್ತಿ ಹತ್ತಬ್ಯಾಡ, ಮಗ್ಗಲಾಗ ಬಾ.”

ಸುಲಭಾಳ ಕೊಡದ ಅರ್ಧ ನೀರು ಅವಳ ಕುತ್ತಿಗೆಗೇ ಇಳಿಯಿತು. ಮೈಲವ್ವನ ಕೊಡದಿಂದ ಹನಿ ಚೆಲ್ಲಲಿಲ್ಲ. ಮೂರು ಸಲ ಹೋಗಿ ಬಂದು ಎರಡೂ ಕ್ಯಾನು ತುಂಬಿಸಿ, ಕೊಡಗಳನ್ನು ಮುಟ್ಟಿಸಿ ಬಂದಳು. ಮುದುಕ ತನ್ನ ಪೇಟ ಬಿಚ್ಚಿ ಮತ್ತೆ ಸುತ್ತಿಕೊಂಡು, ಮುಂದೆ ನಡೆ ಎಂದು ಅವಳಿಗೇ ಕೈ ಮಾಡಿದ. ಉಳಿದ ದಾರಿಯುದ್ದಕ್ಕೂ ಅವಳೇ ಮುಂದು. ಮೂರನೆಯ ದಿನ ಮಧ್ಯಾಹ್ನ ನಾಲ್ವರೂ ನಡೆದೇ ಗುರಿ ಮುಟ್ಟಿದರು.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಎಲ್ಲ ಕೇಳಿ, “ಲೀಡರ್ ಯಾರಿದ್ರೋ?” ಎಂದರು.

“ಹೋಗೂಮುಂದ ನಾನ್ರಿ ಸರ್,” ಎಂದ ಸದಾಶಿವ. “ಬರೂಮುಂದ ಮೈಲವ್ವರಿ.”

ಮುಂದಿನ ವರ್ಷ ಚಾರಣಕ್ಕೆ ಒಂಬತ್ತು ಹುಡುಗಿಯರು ಹೆಸರು ಕೊಟ್ಟರು. ಜಾಗ ಇದ್ದದ್ದು ನಾಲ್ಕೇ.