ಬದರಿಯ ಟೀವಿ ಅಜ್ಜಿ

ನಗಿಸುವವನ ಮನೆಯಲ್ಲಿ ನಗುವಿಗೇನು ಬರ ಎನ್ನುವವರನ್ನು ತಮಿಳುನಾಡಿನ ಗಡಿಯ ಹೊಸೂರಿನ ನಮ್ಮ ಬೀದಿಗೆ ಕರೆತಂದು ಬದರೀನಾಥನ ಮನೆ ತೋರಿಸಬೇಕು.

ಎದುರುಮನೆಯ ಬದರಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಎಪ್ಪತ್ತರ ದಶಕವನ್ನೆಲ್ಲ ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಬರೆದೇ ಕಳೆದ. ಎಂಬತ್ತೈದರಲ್ಲಿ ಬೆಂಗಳೂರಿನ ಟೀವಿಯವರು ಅವನ ಹಾಸ್ಯ ಧಾರಾವಾಹಿಯೊಂದನ್ನು ಒಪ್ಪಿಕೊಂಡರು. ಅದರಲ್ಲಿದ್ದ ಅಜ್ಜಿ ಬೇರೆ ಯಾರೂ ಅಲ್ಲ, ತಾಯಿಯಿಲ್ಲದ ಅವನನ್ನು ಸಾಕಿದ ಸೋದರತ್ತೆ ತುಳಸಮ್ಮ. ಅವರು ಬೈಯುವುದು ತೆಲುಗಿನಲ್ಲಿ, ಚೌಕಾಸಿ ತಮಿಳಿನಲ್ಲಿ, ದೇವರಿಗೂ ಬದರಿಗೂ ಮಾತ್ರ ಕನ್ನಡ. ಬದರಿ ಬರೆದ ಅಜ್ಜಿ ದೇವರನ್ನೇ ತೆಲುಗಿನಲ್ಲಿ ಬೈದು, ಅವನ ಹತ್ತಿರವೇ ತಮಿಳಿನಲ್ಲಿ ಚೌಕಾಸಿಗಿಳಿದಳು. ಬೀದಿಗೆಲ್ಲ ಇದ್ದದ್ದು ನಮ್ಮ ಮನೆಯ ಟೀವಿ ಒಂದೇ. ನೋಡಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತುಳಸಮ್ಮನೂ ನಕ್ಕರು.

ಮಾರನೆಯ ದಿನ ಉದ್ದನಪಲ್ಲಿಯಿಂದ ತರಕಾರಿ ತರುವ ಮುನಿಕೃಷ್ಣಪ್ಪ ತುಳಸಮ್ಮನೆದುರು ಬುಟ್ಟಿ ಇಳಿಸಿದವನೇ, "ಅಮ್ಮಾ, ಟೀವೀಲಿ ಬೈದಂಗೆ ಒಂದ್ಕಿತ ಬೈದ್ಬುಡಿ, ಬದ್ನೆಕಾಯಿ ಸುಮ್ಕೆ ಕೊಟ್ಬುಡ್ತೀನಿ" ಎಂದ. ಆಮೇಲೆ ಅವರು ಬಾಯಿ ತೆರೆದರೆ ಸಾಕು, ಸುತ್ತಲಿನವರು ನಗಲು ಕಾದು ನಿಲ್ಲುತ್ತಿದ್ದರು. ಕಾಲು ನೋವು ಎಂದರೂ ನಕ್ಕರು. ತುಳಸಮ್ಮ ಮಾತು ಬಿಟ್ಟರು. ಬದರಿಗೂ ಸುಮ್ಮನೆ ಬಡಿಸಿ ಒಳಗೆ ಹೋಗುತ್ತಿದ್ದರು.

ಬದರಿಗೆ ಬೇರೇನಾದರೂ ಬರೆಯುವ ಆಸೆ. ಟೀವಿಯವರದು ಒಂದೇ ಹಟ: ಅಜ್ಜಿ ಇದ್ದರೆ ಕಂತು, ಇಲ್ಲದಿದ್ದರೆ ಇಲ್ಲ.

"ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ ಕಣಯ್ಯ" ಎಂದು ನನ್ನ ಜಗುಲಿಯಲ್ಲಿ ಕೂತು ಗೋಳಾಡುತ್ತಿದ್ದ.

"ಬಿಟ್ಬಿಡು" ಎಂದೆ.

"ಬಿಟ್ರೆ ನಾನು ಬರೀ ಲೆಕ್ಕದ ಮೇಷ್ಟ್ರು" ಎಂದ.

ನನಗೆ ರೇಗಿತು. ಲೆಕ್ಕದ ಮೇಷ್ಟ್ರಾಗಿದ್ದರೆ ಅವನ ಗಂಟೇನು ಹೋಗುತ್ತದೆ? ಆದರೂ ಅವನ ಮುಖ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು.

ಎರಡು ವರ್ಷ ಆ ಮಾತಿಲ್ಲದ ಮನೆಯಲ್ಲಿ ಕೂತು ಅಜ್ಜಿಗೆ ಮಾತು ಬರೆದ. ಕೊನೆಗೊಂದು ಉಪಾಯ ಹೊಳೆಯಿತು. ಕಂತಿನಲ್ಲಿ ಅಜ್ಜಿಯನ್ನು ಸಾಯಿಸಿಬಿಟ್ಟರೆ ತನಗೂ ಬಿಡುಗಡೆ, ಅತ್ತೆಗೂ ಬಿಡುಗಡೆ. ಮುಗಿಸುವುದಾದರೆ ಒಮ್ಮೆ ಜನರನ್ನು ಅಳಿಸಿಯೇ ಮುಗಿಸೋಣ ಎಂದು ಟೀವಿಯವರೂ ಒಪ್ಪಿದರು.

ಆ ಸಂಜೆ ಅವನೇ ತುಳಸಮ್ಮನವರ ಕೈಹಿಡಿದು ನಮ್ಮ ಮನೆಗೆ ಕರೆತಂದ. ಟೀವಿಯಲ್ಲಿ ಅಜ್ಜಿ ಕಣ್ಣು ಮುಚ್ಚಿದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ತುಳಸಮ್ಮ ಗೋಡೆ ಹಿಡಿದು ಎದ್ದು ನಿಂತರು.

"ಬದರೀ, ಇನ್ನೂ ಇದೀನಲ್ಲೋ. ಇರೋವಾಗ್ಲೇ ಕಳಿಸ್ಬಿಟ್ಟೆಯಲ್ಲೋ. ನಿಂಗೆ ನಾನೇನ್ ಅಡ್ಡ ಬಂದಿದ್ದೆ?"

ಎರಡು ವರ್ಷದ ಮೇಲೆ ಆಡಿದ ಮಾತು. ಹಜಾರದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

"ನಗಬೇಡ್ರೋ!" ಎಂದು ಬದರಿ ಕಿರುಚಿದ.

ಅದಕ್ಕೂ ನಕ್ಕರು.