ಮೊದಲ ಹಾಳೆಯ ಮೊಹರು

ಸಿಡುಕಿ ಮಿಸ್ಸಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆ ಹೆಸರಿಟ್ಟವರು ಮಕ್ಕಳು. ಎದುರಿಗೇ ಹಾಗೆ ಕರೆಯುವ ಧೈರ್ಯವಿದ್ದದ್ದೂ ಅವರಿಗೇ. ಗ್ಯಾರೇಜಿನ ಮೇಲಿನ ಒಂದೇ ಕೋಣೆಯ ಶಿಶುಶಾಲೆ ಆಕೆಯದು. ಕೆಳಗೆ ಸುತ್ತಿಗೆಯ ಸದ್ದು ಜೋರಾದರೆ ಕಿಟಕಿಯಿಂದ ತಲೆ ಹೊರಹಾಕಿ, "ಅಯ್ಯಾ, ಕರಡಿ ಇನ್ನೇನು ಏಳೋ ಹೊತ್ತು, ಸ್ವಲ್ಪ ತಡ್ಕೊಳ್ರೀ!" ಎಂದು ಕೂಗುತ್ತಿದ್ದಳು. ಮೆಕ್ಯಾನಿಕ್ ತಡೆದುಕೊಳ್ಳುತ್ತಿದ್ದ. ಅವನಿಗೂ ಕಥೆಯೊಳಗಿನ ಕರಡಿಯ ಚಿಂತೆ.

ಆಕೆಯ ಪಾಠವೇ ಹಾಗೆ. ಮಕ್ಕಳನ್ನು ಮೈಗಂಟಿಸಿಕೊಂಡು ಕೂತು ಕಥೆ ಓದುವುದು. ಕಥೆಗೆ ಕಾವೇರಿದಾಗ ಒಂದು ಪದದ ಕೆಳಗೆ ಬೆರಳಿಟ್ಟು ಸುಮ್ಮನಾಗಿಬಿಡುವುದು. ಬೆಳಿಗ್ಗೆ ಕಾರ್ಡಿನಲ್ಲಿ ಕಲಿತ ಸದ್ದುಗಳನ್ನು ಒಂದೊಂದಾಗಿ ಹೆಕ್ಕಿ, ಕೂಡಿಸಿ, "ಕ... ರ... ಡಿ... ಕರಡಿ!" ಎಂದು ಮಕ್ಕಳು ಕಿರುಚಿದ ಮೇಲೆಯೇ ಹಾಳೆ ಮಗುಚುತ್ತಿದ್ದಳು.

ಶಾಲೆಗೆ ಕಾರ್ಡು, ಪುಸ್ತಕ ಒದಗಿಸುವ ಕಚೇರಿಯ ಮೇಲ್ವಿಚಾರಕಿಗೆ ಇದು ಹಿಡಿಸುತ್ತಿರಲಿಲ್ಲ. ಕಾರ್ಡು ಮಕ್ಕಳಿಗೆ, ಪುಸ್ತಕ ಬೀರುವಿಗೆ ಎಂಬುದು ಅವರ ನಿಯಮ. "ಈ ಮಕ್ಕಳ ಮನೇಲಿ ಪುಸ್ತಕ ಇಡೋಕೆ ಜಾಗ ಎಲ್ಲಿದೆ ಮಿಸ್? ಹಾಳು ಮಾಡ್ತಾರೆ, ಅಷ್ಟೆ."

ಮಿಸ್ ಹಲ್ಲು ಕಡಿದುಕೊಂಡಳು. ವಾರದ ಕೊನೆಗೆ ಪುಸ್ತಕಗಳನ್ನು ಮಕ್ಕಳ ಚೀಲಕ್ಕೆ ಹಾಕಿ ಮನೆಗೆ ಕಳಿಸುವುದನ್ನು ಮಾತ್ರ ಬಿಡಲಿಲ್ಲ.

ಹಾಗೆ ಕರಡಿಯ ಪುಸ್ತಕ ಒಯ್ದ ಗುಬ್ಬಿ ಮತ್ತೆ ಶಾಲೆಗೆ ಬರಲೇ ಇಲ್ಲ. ಇಸ್ತ್ರಿ ಅಂಗಡಿಯವಳ ಮಗಳು ಅವಳು. ಸದ್ದು ಕೂಡಿಸುವುದರಲ್ಲಿ ಎಲ್ಲರಿಗಿಂತ ಚುರುಕು. ಇಂದು ಬಂದಾಳು, ನಾಳೆ ಬಂದಾಳು ಎಂದು ಕಾದ ಮಿಸ್, ಕೊನೆಗೆ ಕೆಂಡವಾಗಿ ಅಂಗಡಿಗೇ ನುಗ್ಗಿದಳು. ಆಕೆಯನ್ನು ಕಂಡದ್ದೇ ಗುಬ್ಬಿ ಬಟ್ಟೆಗಂಟಿನ ಹಿಂದೆ ಅಡಗಿದಳು.

"ಏನಮ್ಮಾ, ಮಗೂನ ಮನೇಲಿ ಕೂರಿಸ್ಕೊಂಡು ಕಾಲರ್ ಮಡಿಸೋದು ಕಲಿಸ್ತಿದ್ದೀಯಾ? ಬುದ್ಧಿ ಎಲ್ಲಿಟ್ಟಿದ್ದೀಯಾ?"

ತಾಯಿ ಮೇಜಿನ ಹಾಸಿನಡಿಯಿಂದ ಪುಸ್ತಕ ತೆಗೆದಳು. ಹರಿದ ಹಾಳೆಗೆ ಹಿಟ್ಟಿನ ಅಂಟು ಬಳಿದು, ಸುಕ್ಕು ಹೋಗಲೆಂದು ಇಸ್ತ್ರಿ ಹಾಕಿದ್ದಳು. ಕರಡಿಯ ಹೊಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಕಂದಾಗಿ ಮೂಡಿತ್ತು.

"ಚಿಕ್ಕ ಮಗು ಹಾಳೆ ಎಳೆದುಬಿಡ್ತು ಮಿಸ್. ಸರಿ ಮಾಡೋಕೆ ಹೋಗಿ ನಾನೇ ಸುಟ್ಟೆ. ದಂಡ ಎಷ್ಟು ಕಟ್ಟಬೇಕು ಅಂತ ಕೇಳೋಕೂ ಹೆದ್ರಿಕೆ ಆಯ್ತು."

"ದಂಡವಾ? ದಂಡ ಅಂತ ಯಾರಮ್ಮಾ ಹೇಳಿದ್ದು?"

"ಇವಳೇ. ನಂಗೆಲ್ಲಿ ಓದೋಕೆ ಬರುತ್ತೆ?"

ಗುಬ್ಬಿ ಗಂಟಿನ ಹಿಂದಿನಿಂದ ಮೆಲ್ಲಗೆ ಬಂದು, ಮೊದಲ ಹಾಳೆ ತೆರೆದು, ಕಚೇರಿಯ ನೇರಳೆ ಮೊಹರಿನ ಕೆಳಗೆ ಬೆರಳಿಟ್ಟಳು. ಮಿಸ್ ಕಲಿಸಿದ ಹಾಗೆಯೇ.

"ಹ... ರಿ... ದ... ರೆ... ಹರಿದರೆ. ದಂ... ಡ. ದಂಡ."

ಆ ಹಾಳೆಯನ್ನು ಹಾರಿಸಿ ನೇರ ಕರಡಿಯ ಬಳಿ ಹೋಗುವುದು ಮಿಸ್ಸಿನ ರೂಢಿ. ಯಾರ ನೆರವೂ ಇಲ್ಲದೆ ಈ ಮಗು ತಾಯಿಗೆ ಓದಿ ಹೇಳಿದ ಮೊದಲ ಮಾತು ಒಂದು ಬೆದರಿಕೆ! ಶಾಬಾಶ್ ಎನ್ನಹೊರಟ ಮಿಸ್ ಆ ಮೊಹರನ್ನು ಅಂಗೈಯಿಂದ ಮುಚ್ಚಿದಳು.

"ಅಂಟು ಉಳಿದಿದೆಯೇನಮ್ಮಾ?" ಎಂದಳು. "ಕೊಡು. ಮಗೂನ ಬೆಳಿಗ್ಗೆ ಕಳಿಸು. ಕಳಿಸದಿದ್ರೆ ಮತ್ತೆ ಬರ್ತೀನಿ, ನನ್ನ ಬಾಯಿ ನಿಂಗೆ ಗೊತ್ತಲ್ಲ."

ಮುಂದಿನ ಸಲ ಮೇಲ್ವಿಚಾರಕಿ ಬಂದಾಗ ಬೀರು ಖಾಲಿ. ಪುಸ್ತಕಗಳು ನೆಲದ ಮೇಲೆ, ಮಕ್ಕಳ ಕೈಗೆಟುಕುವಂತೆ. ಒಂದೊಂದರಲ್ಲೂ ಮೊಹರಿನ ಮೇಲೆ ಮಕ್ಕಳು ಬರೆದ ಸೊಟ್ಟ ಕರಡಿಯ ಚಿತ್ರ ಅಂಟಿತ್ತು.

"ಕಚೇರಿ ಆಸ್ತಿ ಇದು! ಏನು ಮಾಡಿಟ್ಟಿದ್ದೀರಿ?"

"ದಂಡ ನನಗೆ ಹಾಕಿ ಮೇಡಂ," ಮಿಸ್ ಕೂತಲ್ಲಿಂದ ಏಳಲಿಲ್ಲ. "ಮೊಹರು ಒತ್ತೋಕೆ ಜಾಗ ಬೇಕೇ ಬೇಕು ಅಂದ್ರೆ ನನ್ನ ಹಣೆ ಇದೆ. ಇವರ ಪುಸ್ತಕದ ಮೇಲೆ ಮಾತ್ರ ಬೇಡ."

ಮೇಲ್ವಿಚಾರಕಿ ಬಾಯಿ ತೆರೆಯುವಷ್ಟರಲ್ಲಿ, ಮಿಸ್ಸಿನ ತೊಡೆಯ ಮೇಲೆ ಕೂತು ಸುಟ್ಟ ಕರಡಿಯ ಹೊಟ್ಟೆ ಸವರುತ್ತಿದ್ದ ಗುಬ್ಬಿ ರೇಗಿಬಿಟ್ಟಳು.

"ಆಮೇಲೆ ಜಗಳ ಆಡಿ ಮಿಸ್. ಹಾಳೆ ಮಗುಚಿ."