ಸಂಡಿಗೆಯ ಬಿಸಿಲಿಗೆ ಸೋಲಾರ್ ಬಂದದ್ದು

ಸೋಲಾರ್ ಹಾಕಿಸಬೇಕೋ ಬೇಡವೋ ಎಂಬ ಪ್ರಶ್ನೆ ಈ ಬೇಸಿಗೆಯಲ್ಲಿ ನನ್ನ ತಲೆ ತಿಂದಷ್ಟು ನನ್ನ ಇಬ್ಬರು ಮಕ್ಕಳು ಸೇರಿಯೂ ತಿಂದಿಲ್ಲ. ಕುಷ್ಟಗಿಯ ನಮ್ಮ ಮನೆಗೆ ಎಸಿ ಬರುವ ಮೊದಲು ಈ ತಲೆನೋವು ಇರಲಿಲ್ಲ. ಸರ್ಕಾರದ ಪುಕ್ಕಟೆ ಕರೆಂಟು, ಬಿಲ್ಲು ಸೊನ್ನೆ. ಎಸಿ ಬಂತು, ಪುಕ್ಕಟೆಯ ಮಿತಿ ದಾಟಿತು, ಬಿಲ್ಲು ನೋಡಿದರೇ ಬೆವರು ಕಿತ್ತುಬರತೊಡಗಿತು. ಬೆವರಬಾರದು ಎಂದೇ ಅಲ್ಲವೇ ಆ ದರಿದ್ರ ಎಸಿ ತಂದದ್ದು!

ಕೊಪ್ಪಳದಿಂದ ಸೋಲಾರ್ ಕೂರಿಸುವವನು ಬಂದು ಮಾಳಿಗೆ ಹತ್ತಿದ. ಸುತ್ತ ನೋಡಿ, "ಮೇಡಂ, ನಿಮ್ಮ ಮಾಳಗಿ ಮ್ಯಾಲೆ ಬಂಗಾರ ಬೀಳಾಕತ್ತೈತ್ರಿ. ಸುಮ್ನ ಹಾಳ ಮಾಡಾಕತ್ತೀರಿ," ಎಂದ.

ಅಲ್ಲೇ ಹಳೆಯ ಸೀರೆ ಹಾಸಿ ಸಂಡಿಗೆ ಹಾಕುತ್ತಿದ್ದ ನನ್ನ ಅತ್ತೆ ತಲೆ ಎತ್ತಿದರು. "ಹಾಳ ಯಾಕ ಆಕ್ಕೈತೋ ತಮ್ಮಾ? ನಾ ಇಲ್ಲಿ ಏನ್ ಮಾಡಾಕತ್ತೀನಿ, ಕಾಣವಲ್ದೇನು?"

ನಮ್ಮ ಓಣಿಯಲ್ಲಿ ದಿನವಿಡೀ ನೆರಳು ಬೀಳದ ಮಾಳಿಗೆ ನಮ್ಮದೊಂದೇ. ಯುಗಾದಿ ಕಳೆದರೆ ಸಾಕು, ಓಣಿಯ ಹೆಂಗಸರೆಲ್ಲ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಹೊತ್ತು ಮೇಲೆ ಬರುತ್ತಾರೆ. ಯಾರ ಸೀರೆ ಎಲ್ಲಿ ಹಾಸಬೇಕು, ಮೆಣಸಿನಕಾಯಿಯ ಘಾಟು ಯಾರ ಹಪ್ಪಳಕ್ಕೆ ತಾಗಬಾರದು, ಎಲ್ಲ ತೀರ್ಮಾನ ಅತ್ತೆಯದು. ಜೀವಮಾನವೆಲ್ಲ ಬೇರೆಯವರ ಹೊಲದಲ್ಲಿ ಕೂಲಿ ಮಾಡಿ, ಅವರಿವರು ಹೇಳಿದ್ದನ್ನು ಕೇಳಿದವರು ಅವರು. ಮಾಳಿಗೆಯ ಮೇಲೆ ಮಾತ್ರ ಅವರದೇ ದರ್ಬಾರು.

ಸೋಲಾರ್ ಬಂದರೆ ಆ ಜಾಗ ಹೋಗುತ್ತದೆ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಶಾಲೆಯಲ್ಲಿ ನನ್ನ ಜೊತೆ ಕಲಿಸುವ ಯಲಬುರ್ಗಾದ ಟೀಚರ್ ಮನೆಯಲ್ಲಿ ಸೋಲಾರ್ ಇದೆ. ಅವರನ್ನು ಕೇಳಿದೆ.

"ಭಾಳ ಛಲೋ ಐತ್ರಿ. ಬಿಲ್ಲಿನ ಚಿಂತೀನ ಇಲ್ಲ."

"ಮಧ್ಯಾಹ್ನ ಕರೆಂಟ್ ಹೋದ್ರೂ ಎಸಿ ನಡೀತೈತೇನ್ರಿ?"

"ಇಲ್ರಿ, ಅದನ್ನ ಸರ್ಕಾರದ ಲೈನಿಗೇ ಜೋಡಿಸಿರ್ತಾರ. ಕರೆಂಟ್ ಹೋದ್ರ ಅದೂ ಬಂದ್ ಆಕ್ಕೈತಿ."

"ಬಿಸಲು ಧಗಧಗ ಉರಿಯಾಕತ್ತಿದ್ರೂ?"

"ಉರದ್ರೂ ಅಷ್ಟ. ಬ್ಯಾಟರಿ ಬೇಕಂದ್ರ ಅದರ ರೊಕ್ಕಾನ ಬ್ಯಾರೆ."

ಇದೆಂಥ ಕರ್ಮವಪ್ಪ, ತಲೆಯ ಮೇಲೆ ಸೂರ್ಯನಿದ್ದಾನೆ, ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ! ನನಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಯಜಮಾನರಿಗೆ ಹೇಳಿದರೆ, ಬೆಳಿಗ್ಗೆ "ಹಾಕ್ಸೇಬಿಡೂಣು" ಎಂದಿದ್ದವರು "ಎಸೀನ ಮಾರಿಬಿಡೂಣು" ಎಂದರು. ಮರುದಿನ ಸೆಕೆ ಏರಿದಾಗ ಅವರೇ ಎಸಿಯ ಕೆಳಗೆ ಮಲಗಿ ಗೊರಕೆ ಹೊಡೆದರು.

ಅಷ್ಟರಲ್ಲಿ ಸೋಲಾರಿನವನು ಫೋನಿನಲ್ಲಿ ಹೊಸ ದಾರಿ ತೋರಿಸಿದ. "ಉದ್ದನ್ನ ಕಂಬ ಹಾಕಿ ಎತ್ತರಕ್ಕ ಕೂಡ್ರಸ್ತೀವ್ರಿ. ಕೆಳಗ ಜಾಗ ಎಲ್ಲಾ ಅಮ್ಮಾರಿಗೇ ಉಳೀತೈತಿ."

ನನಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಅತ್ತೆಗೆ ಹೇಳಿದೆ. "ಅತ್ತೀ, ನಿಮ್ಮ ಜಾಗ ನಿಮಗ ಉಳೀತೈತ್ರಿ. ಮ್ಯಾಲೆ ನೆಳ್ಳೂ ಆಕ್ಕೈತಿ!"

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏ ಹುಚ್ಚಿ, ಸಾಲ್ಯಾಗ ಹುಡುಗರಿಗೆ ಏನ್ ಕಲಸ್ತೀ ನೀನು? ನೆಳ್ಳಾಗ ಸಂಡಿಗಿ ಒಣಗತಾವೇನು?"

ನಾನೂ ನಕ್ಕೆ. ಆಮೇಲೆ ಮೆಟ್ಟಿಲ ಮೇಲೆ ಕುಳಿತು ತಲೆ ಕೆರೆದುಕೊಂಡೆ. ಯಾರನ್ನು ಕೇಳಿದರೂ ಅವರವರ ಮಾತು ಸರಿಯೆನಿಸುತ್ತಿತ್ತು.

ಮೊನ್ನೆ ಸೋಲಾರಿನವನ ಫೋನ್ ಮತ್ತೆ ಬಂತು. ಹೂಂ ಅಂತೀರೋ ಇಲ್ಲೋ ಎಂದು ಕೇಳಿದ. ನಾನು ತಡವರಿಸುತ್ತಿದ್ದಾಗ, ರೊಟ್ಟಿ ಬಡಿಯುತ್ತಿದ್ದ ಅತ್ತೆ ಒಳಗಿನಿಂದಲೇ ಅಂದರು, "ಹಾಕಸವ್ವಾ. ಬಿಲ್ಲ ಕಟ್ಟಾಕಿ ನೀನು. ಮಾಳಗಿ ಮ್ಯಾಲೆ ಸಂಡಿಗಿ ಹಾಕೂದು ಇದ ಕಡೀ ವರ್ಷ ಅಂತ ಓಣ್ಯಾಗ ಎಲ್ಲಾರಿಗೂ ಹೇಳೇನಿ."

ನಾನು ಫೋನ್ ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದೆ. ಅವರು ನನ್ನ ಕಡೆ ನೋಡಲಿಲ್ಲ.

"ಕೂಡ್ರಸೂ ದಿನ ಮಾತ್ರ ನನಗ ಮೊದಲ ಹೇಳು. ತಳಕಲ್ಲಿಗೆ ಮಗಳ ಮನಿಗೆ ಹೋಗಿಬಿಡ್ತೀನಿ. ನನಗ ನೋಡಾಕ ಆಗೂದಿಲ್ಲ."

ಅತ್ತೆ ಒಪ್ಪದಿದ್ದಷ್ಟು ದಿನ ಸೋಲಾರ್ ಬೇಕು ಎಂದೇ ನನಗೆ ಒಳಗೊಳಗೆ ಅನಿಸುತ್ತಿತ್ತು. ಅವರು ಹಾಕಿಸು ಎಂದ ಮೇಲೆ ನನಗೆ ಏನು ಬೇಕು ಎಂಬುದೇ ತಿಳಿಯದಾಯಿತು. "ನಾಳೆ ಹೇಳ್ತೀನ್ರಿ," ಎಂದು ಫೋನ್ ಇಟ್ಟೆ. ಇನ್ನೂ ಹೇಳಿಲ್ಲ.